ಪರಾತದಲ್ಲಿ ಬಿದ್ದ ಮಳೆ

21 ಜೂನ್ 2024, ಶುಕ್ರವಾರ. ಕಾರಹುಣ್ಣಿಮೆ

ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿದ್ದಾಯಿತು. ಸಂಜೆ ಅಗಸಿಯ ಮುಂದೆ ಕರಿ ಹರಿದರು. ಬಿಳಿ ಎತ್ತು ಮುಂದಾಯಿತು. ಈ ವರ್ಷ ಬಿಳಿಜೋಳ ಚಲೋ ಬರ್ತದ ಅಂದ ಅಪ್ಪ. ಮಾಳಿಗೆಯ ಮೇಲೆ ನಿಂತು ನೋಡಿದೆ, ಅರ್ಧ ಕಣ್ಣು ಫೋನಿನಲ್ಲಿ.

ಬುಧವಾರ ರಾತ್ರಿ ಯುಜಿಸಿ ನೆಟ್ ಪರೀಕ್ಷೆ ರದ್ದಾಯಿತು. ಹಿಂದಿನ ದಿನವಷ್ಟೇ 9 ಲಕ್ಷ ಜನ ಬರೆದಿದ್ದರು. ಈಗ ಸಿಎಸ್‌ಐಆರ್ ಪರೀಕ್ಷೆಯೂ ಮುಂದಕ್ಕೆ. ಝಳಕಿಯ ಅಕ್ಕ ಎರಡು ವರ್ಷದಿಂದ ಅದಕ್ಕೇ ಓದುತ್ತಿದ್ದಾಳೆ. ಫೋನ್ ಎತ್ತಲಿಲ್ಲ. ರಾತ್ರಿ ಒಂದೇ ಸಾಲು ಕಳಿಸಿದಳು: ಊಟ ಆಯ್ತಾ?

ಏನು ಉತ್ತರ ಬರೆಯಲಿ. ಆಯ್ತು ಎಂದು ಬರೆದೆ.

4 ಜುಲೈ, ಗುರುವಾರ

ಕಾಲೇಜಿನಲ್ಲಿ ಇದೇ ಮಾತು. ನಾಲ್ಕನೇ ವರ್ಷ ಬೇಕೋ ಬೇಡವೋ. ನಾವು ಸೇರಿದ 2021ರಲ್ಲೇ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಶುರುವಾದದ್ದು. ಮೊನ್ನೆ ಮೇ ತಿಂಗಳಲ್ಲಿ ಆದೇಶ ಬಂತು, ಈ ವರ್ಷದಿಂದ ಡಿಗ್ರಿ ಮತ್ತೆ ಮೂರೇ ವರ್ಷ. ಈಗಾಗಲೇ ಒಳಗಿರುವವರು ಬೇಕಿದ್ದರೆ ನಾಲ್ಕನೆಯದನ್ನು ಓದಬಹುದು. ಅಂದರೆ ಬಾಗಿಲು ನಮಗಾಗಿ ತೆರೆಯಿತು, ನಮ್ಮ ಬೆನ್ನಿಗೇ ಮುಚ್ಚುತ್ತಿದೆ.

ಫಿಜಿಕ್ಸಿನಲ್ಲಿ ಕೈ ಎತ್ತಿದವರು ಐದು ಜನ. ಉಳಿದವರೆಲ್ಲ ಬಿ.ಎಡ್., ಇಲ್ಲವೆ ಎಂ.ಎಸ್ಸಿ., ಇಲ್ಲವೆ ಪೊಲೀಸ್ ಪರೀಕ್ಷೆ.

ನಾನು ಎತ್ತಿದ್ದು ಯುಜಿಸಿಯ 2022ರ ನಿಯಮ ಓದಿ. ನಾಲ್ಕು ವರ್ಷದ ಡಿಗ್ರಿ, ನೂರಕ್ಕೆ 75. ಎಂ.ಎಸ್ಸಿ. ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಆ ಪುಟವನ್ನು ಎಷ್ಟು ಸಲ ಓದಿದೆನೋ. ನನ್ನದು 7.3.

ಮನೆಯಲ್ಲಿ ಇನ್ನೂ ಹೇಳಿಲ್ಲ.

7 ಜುಲೈ

ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಫೀ ಎಷ್ಟು?" ಬಸ್ಸು ಫುಕಟ ಇರುವುದರಿಂದ ವರ್ಷದ ಖರ್ಚು ಅಷ್ಟಾಗುವುದಿಲ್ಲ ಎಂದೆ. ಶಕ್ತಿ ಯೋಜನೆ ಬಂದಮೇಲೆ ವಿಜಯಪುರಕ್ಕೆ ಹೋಗಿ ಬರಲು ನನಗೆ ಒಂದು ರೂಪಾಯಿ ಹತ್ತಿಲ್ಲ.

ಅವ್ವ ಏನೂ ಕೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

2 ಆಗಸ್ಟ್, ಶುಕ್ರವಾರ. ಆಶ್ಲೇಷ ಮಳೆ ಹುಟ್ಟಿತು

ಕ್ಲಾಸು ಇನ್ನೂ ಸುರುವಾಗಿಲ್ಲ. ಆದರೂ ಪ್ರಾಜೆಕ್ಟಿಗೆ ಏನು ಮಾಡುತ್ತೀ ಎಂದು ಸರ್ ಆಗಲೇ ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ: ಮಳೆ ಹನಿ ಅಳೀಬೇಕು ಸರ್. ಅವರು ನಗಲಿಲ್ಲ. ಯಾವುದರಿಂದ ಅಳೀತಿ ಅಂದರು. ಉಪಕರಣದ ಬೆಲೆ ನೋಡಿದ್ದೆ, ಅದನ್ನು ಹೇಳುವ ಧೈರ್ಯ ಆಗಲಿಲ್ಲ. ಹಿಟ್ಟಿನಿಂದ ಅಂದೆ.

ಇದು ನನ್ನ ಉಪಾಯವಲ್ಲ. ಅಮೆರಿಕದ ವರ್ಮಾಂಟಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತ, ಹಿಮದ ಹರಳುಗಳ ಫೋಟೊ ತೆಗೆದವನು, 1904ರಲ್ಲಿ ಮಳೆ ಹನಿಯ ಬಗ್ಗೆಯೂ ಬರೆದ. ಜರಡಿ ಹಿಡಿದ ಹಿಟ್ಟನ್ನು ತಟ್ಟೆಯಲ್ಲಿ ಸಡಿಲಾಗಿ ಹರವಿ, ಕೆಲವೇ ಸೆಕೆಂಡು ಮಳೆಗೆ ಹಿಡಿಯುವುದು. ಒಂದೊಂದು ಹನಿಯೂ ಒಂದೊಂದು ಗುಂಡಾಗುತ್ತದೆ. ಒಣಗಿಸಿ ಅದನ್ನು ಅಳೆಯುವುದು. 1943ರಲ್ಲಿ ಲಾಸ್ ಮತ್ತು ಪಾರ್ಸನ್ಸ್ ಇದನ್ನೇ ಶಿಸ್ತಿನಿಂದ ಮಾಡಿದರು: ಒಣಗಿಸು, ಜರಡಿ ಹಿಡಿ, ತೂಗು.

ಹೊಲದಲ್ಲಿ ದುಡಿಯುವ ಮನುಷ್ಯ, ಡಿಗ್ರಿ ಇಲ್ಲ, ಹಿಟ್ಟಿನಲ್ಲಿ ಮಳೆ ಅಳೆದ. ಎರಡು ದಿನ ಇದೇ ತಲೆಯಲ್ಲಿ.

11 ಆಗಸ್ಟ್, ಭಾನುವಾರ

ಮೊದಲ ಪರಾತ. ಸಂಜೆ 4.50. ಅವ್ವನ ದೊಡ್ಡ ಪರಾತ, ಒಂದು ಇಂಚು ಮೈದಾ, ಮೇಲೆ ಇನ್ನೊಂದು ಪರಾತ ಮುಚ್ಚಿಕೊಂಡು ಅಂಗಳಕ್ಕೆ ಓಡಿದೆ. ಮುಚ್ಚಳ ತೆಗೆದು ನಾಲ್ಕು ಎಣಿಸಿ ಮತ್ತೆ ಮುಚ್ಚಿದೆ. ಒಳಗೆ ತಂದು ನೋಡಿದರೆ ಹಿಟ್ಟಿನ ತುಂಬ ಕುಳಿಗಳು, ಒಂದೊಂದರ ಕೆಳಗೂ ಒಂದು ಗುಂಡು.

ಅವ್ವ ಬೈದಳು. ತಿನ್ನೂ ಹಿಟ್ಟ ಮಳಿಗೆ ಹಿಡದ್ಯಲ್ಲ, ಬುದ್ಧಿ ಐತೇನ ನಿನಗ. ಮೈದಾ ನನ್ನ ರೊಕ್ಕದ್ದು ಎಂದೆ. ಹಾಗೆ ಅನ್ನಬಾರದಿತ್ತು.

12 ಆಗಸ್ಟ್

ರಾತ್ರಿಯೆಲ್ಲ ಒಣಗಿವೆ. ಸಾಬುದಾಣಿ ಆದಂಗ ಆಗ್ಯಾವಲ್ಲ ಎಂದು ಅವ್ವನೇ ಬಗ್ಗಿ ನೋಡಿದಳು. ನಾನು ಜರಡಿ ಹಿಡಿಯುವುದನ್ನು ನೋಡಿ ಸುಮ್ಮನಿರಲಾರದೆ ಕಸಿದುಕೊಂಡಳು. ಹಿಟ್ಟಿನ ಜರಡಿ, ರವೆಯ ಜರಡಿ, ಸಜ್ಜೆಯ ಜರಡಿ. ಮೂರೂ ಒಂದೇ ಲಯದಲ್ಲಿ. ನನ್ನ ಕೈಯಲ್ಲಿ ಗುಂಡು ಒಡೆಯುತ್ತಿದ್ದವು, ಅವಳ ಕೈಯಲ್ಲಿ ಒಂದೂ ಒಡೆಯಲಿಲ್ಲ.

23 ಆಗಸ್ಟ್, ಶುಕ್ರವಾರ

ಅನ್ನಾ ಮಣಿ ಹುಟ್ಟಿದ ದಿನ. 1918, ತಿರುವಾಂಕೂರಿನ ಪೀರುಮೇಡು. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಈ ದೇಶದಲ್ಲೇ ಮಾಡಿಸಿದವರು ಎಂದಷ್ಟೇ ಓದಿದ್ದೆ. ಇವತ್ತು ಉಳಿದದ್ದನ್ನು ಓದಿದೆ. ಓದಿ ಬಹಳ ಹೊತ್ತು ಕೂತೆ.

ಮದ್ರಾಸಿನಲ್ಲಿ ಬಿ.ಎಸ್ಸಿ. ಆನರ್ಸ್. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ, ನೇರ ಸಂಶೋಧನೆಗೆ. ಮೂವತ್ತಕ್ಕೂ ಹೆಚ್ಚು ವಜ್ರಗಳು ಬೆಳಕಿನಲ್ಲಿ ಹೇಗೆ ಮಿನುಗುತ್ತವೆ ಎಂದು ನೋಡಿದರು. ಒಂದೊಂದು ಫೋಟೊಗೆ ಹದಿನೈದಿಪ್ಪತ್ತು ತಾಸು ಬೇಕಾಗುತ್ತಿತ್ತಂತೆ, ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ. 1942ರಿಂದ 45ರೊಳಗೆ ಒಬ್ಬರ ಹೆಸರಿನಲ್ಲೇ ಐದು ಪ್ರಬಂಧ. 1945ರ ಆಗಸ್ಟಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟರು.

ಪಿಎಚ್.ಡಿ. ಕೊಡಲಿಲ್ಲ. ಎಂ.ಎಸ್ಸಿ. ಇಲ್ಲ ಎಂದು.

ಥೀಸಿಸ್ ಈಗಲೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆಯಂತೆ.

ಹೊಲದಿಂದ ಬಂದ ಅಪ್ಪನಿಗೆ ಹೇಳಿದೆ. ಎಲ್ಲ ಕೇಳಿ, "ಆಮ್ಯಾಲ ಆಕಿ ಏನ ಮಾಡಿದಳು?" ಅಂದ. ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣ ಕಲಿತು ಬಂದಳು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದಳು ಎಂದೆ. ಹಂಗಾದ್ರ ಛಲೋನ ಆತಲ್ಲ, ಎಂದು ಕೈಕಾಲು ತೊಳೆಯಲು ಹೋದ.

ಛಲೋನ ಆಯಿತೇ? ನನಗೆ ಗೊತ್ತಾಗುತ್ತಿಲ್ಲ.

17 ಸೆಪ್ಟೆಂಬರ್

ಒಂದು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಕೇಳಿದೆ. ನಾಲ್ಕು ವರ್ಷದ ಆನರ್ಸ್ ಮೇಲೆ ಪಿಎಚ್.ಡಿ. ಅರ್ಜಿ ತಗೋತೀರಾ? ಆ ಕಡೆಯವರು ಯಾರನ್ನೋ ಕೇಳಿ ಬಂದು, ಪಿಜಿ ಮುಗಿಸಿ ಬಾರಮ್ಮ ಎಂದರು. 2022ರ ನಿಯಮ ಎಂದೆ. ನಮ್ಮಲ್ಲಿ ಇನ್ನೂ ಬಂದಿಲ್ಲ ಎಂದರು. ಕೆಟ್ಟದಾಗಿ ಮಾತಾಡಲಿಲ್ಲ. ಅದೇ ಹೆಚ್ಚು ನೋಯಿಸಿತು.

29 ಸೆಪ್ಟೆಂಬರ್, ಭಾನುವಾರ

ಜ್ಯಾಮ್ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದೆ. ಒಂದು ಪೇಪರಿಗೆ ಹೆಣ್ಣುಮಕ್ಕಳಿಗೆ 900 ರೂಪಾಯಿ. ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಇದೇ ದಾರಿ: ಬಿ.ಎಸ್ಸಿ. ಆದಮೇಲೆ ಸೇರು, ಮೊದಲು ಎಂ.ಎಸ್ಸಿ. ಪಾಠ, ಆಮೇಲೆ ಸಂಶೋಧನೆ, ಒಟ್ಟು ಆರೇಳು ವರ್ಷ. ಆದರೆ ಅದಕ್ಕೆ ಮೂರು ವರ್ಷದ ಡಿಗ್ರಿಯೇ ಸಾಕಿತ್ತು! ಇದು ಹೊಳೆದಾಗ ಎದೆ ಧಸಕ್ಕೆಂದಿತು. ಹಾಗಾದರೆ ಈ ನಾಲ್ಕನೇ ವರ್ಷ ಯಾಕೆ?

ಪರಾತಕ್ಕಾಗಿ, ಎಂದುಕೊಂಡೆ. ಈ ವರ್ಷ ಇರದಿದ್ದರೆ ಪರಾತ ಇರುತ್ತಿರಲಿಲ್ಲ. ಅಷ್ಟು ಸಾಕೇ? ಒಂದು ವರ್ಷ ಅಂದರೆ ಅಪ್ಪನ ಲೆಕ್ಕದಲ್ಲಿ ಒಂದು ತೊಗರಿ ಪೀಕು.

10 ಅಕ್ಟೋಬರ್. ಚಿತ್ತಾ ಮಳೆ

ಇಪ್ಪತ್ತಾರನೇ ಪರಾತ. ಗುಡುಗಿನ ಮಳೆ, ದೊಡ್ಡ ಹನಿ. ಮುಂಗಾರಿನ ಜಿಟಿಜಿಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಗಂಟೆಗೆ ಇಷ್ಟು ಮಿಲಿಮೀಟರು ಎಂಬ ಲೆಕ್ಕದಲ್ಲಿ ಎರಡೂ ಒಂದೇ ಬರಬಹುದು, ಹೊಲಕ್ಕೆ ಎರಡೂ ಬೇರೆ. ದಪ್ಪ ಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರು ವೇಗದಲ್ಲಿ ಬಂದು ಮಣ್ಣನ್ನು ಎಬ್ಬಿಸುತ್ತದೆ, ಬದು ಕೊಚ್ಚುತ್ತದೆ. ಅಪ್ಪ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾನೆ: ಬಡಿಯೂ ಮಳಿ, ಇಂಗೂ ಮಳಿ.

ಒಂದು ಸಂಗತಿ ಸರಿಹೋಗುತ್ತಿಲ್ಲ. ಗುಂಡಿನ ತೂಕದಿಂದ ಹನಿಯ ತೂಕ ಹೇಗೆ? ತೂಕ ಗೊತ್ತಿರುವ ಹನಿಗಳನ್ನು ಬೀಳಿಸಿ ನೋಡಬೇಕು. ಸಣ್ಣ ಹನಿಗೆ ಆಯಿಯ ಇನ್ಸುಲಿನ್ ಸೂಜಿ, ದೊಡ್ಡದಕ್ಕೆ ದನದ ಡಾಕ್ಟರು ಬಿಸಾಡಿದ ದಪ್ಪ ಸೂಜಿ, ಕುದಿಸಿ ತೊಳೆದದ್ದು. ಆದರೆ ಮಾಳಿಗೆಯ ಎತ್ತರ ಸಾಲದು. ದೊಡ್ಡ ಹನಿ ತನ್ನ ಪೂರ್ತಿ ವೇಗ ಹಿಡಿಯಲು ಹತ್ತು ಮೀಟರಿಗಿಂತ ಹೆಚ್ಚು ಬೀಳಬೇಕು. ಇಲ್ಲಿ ಅಷ್ಟೆತ್ತರದ್ದು ಏನಿದೆ? ನೀರಿನ ಟಾಕಿ. ಹತ್ತಲು ಬಿಡುವುದಿಲ್ಲ.

3 ನವೆಂಬರ್, ಭಾನುವಾರ

ಎಸ್‌ಒಪಿ. ಪಿಎಚ್.ಡಿ. ಅರ್ಜಿಯ ಸ್ಟೇಟ್‌ಮೆಂಟ್ ಆಫ್ ಪರ್ಪಸ್. ನಿನ್ನ ಉದ್ದೇಶವೇನು ಎಂದು ಎರಡು ಪುಟದಲ್ಲಿ ಬರೆಯಬೇಕು, ಇಂಗ್ಲಿಷಿನಲ್ಲಿ. ಬೆಳಗಿನಿಂದ ಬರೆದದ್ದು ಮೊದಲ ಸಾಲು ಮಾತ್ರ.

"ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಆಸಕ್ತಿ." ಸುಳ್ಳು. ಚಿಕ್ಕಂದಿನಲ್ಲಿ ನನಗೆ ಆಸಕ್ತಿ ಇದ್ದದ್ದು ಐಸ್‌ಕ್ಯಾಂಡಿಯಲ್ಲಿ. ಹೊಡೆದುಹಾಕಿದೆ.

"ನಾನು ಬರಪೀಡಿತ ಜಿಲ್ಲೆಯವಳು." ನಿಜ. ಆದರೆ ಕೈ ಚಾಚಿದಂತೆ ಕಾಣುತ್ತದೆ. ಹೊಡೆದುಹಾಕಿದೆ.

2018, 19ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೊಲ್ಲಾಪುರದಿಂದ ವಿಮಾನ ಹಾರಿಸಿ ಮೋಡ ಬಿತ್ತುವ ಪ್ರಯೋಗ ಮಾಡಿದರು. ಸಹ್ಯಾದ್ರಿಯ ಮಳೆನೆರಳಿನಲ್ಲಿ ಇರುವ ಸೀಮೆ ಎಂದೇ ಸೊಲ್ಲಾಪುರ ಆರಿಸಿದ್ದು. ಆಗ ನಾನು ಹೈಸ್ಕೂಲು. ಅವು ನಮ್ಮೂರ ಮೇಲೆ ಬಂದವೋ ಇಲ್ಲವೋ, ನಾವು ಕಂಡ ಪ್ರತಿ ವಿಮಾನಕ್ಕೂ ಕೈ ಬೀಸಿದೆವು. ಹಾಕ್ರಿ, ಇಲ್ಲೀ ಹಾಕ್ರಿ ಎಂದು ಕೂಗಿದೆವು. ಗಡಿಯ ಆ ಕಡೆ ಸುರಿದು ಈ ಕಡೆ ಬಿಟ್ಟರೆ ಹೇಗೆ ಎಂದು ನಮಗೆ ಖರೆಖರೆ ಹೆದರಿಕೆ.

ಅದನ್ನು ಬರೆಯಲೇ? ಬರೆದೆ. ನಾಳೆ ಓದಿ ನೋಡುತ್ತೇನೆ.

5 ನವೆಂಬರ್

ಓದಿದೆ. ಇಟ್ಟುಕೊಂಡೆ.

ಎರಡನೇ ಪ್ಯಾರಾ: ರಡಾರ್ ಕಾಣುವುದು ಮಳೆಯನ್ನಲ್ಲ, ಹನಿಗಳಿಂದ ತಿರುಗಿ ಬಂದ ಅಲೆಯನ್ನು. ಅದರಿಂದ ಮಳೆ ಎಷ್ಟೆಂದು ಹೇಳಬೇಕಾದರೆ ಹನಿಗಳ ಗಾತ್ರ ಹೇಗೆ ಹಂಚಿಹೋಗಿದೆ ಎಂದು ಮೊದಲೇ ಗೊತ್ತಿರಬೇಕು. ಪಠ್ಯದಲ್ಲಿ ಬರುವ ಸೂತ್ರ ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಕೆನಡಾದ ಮಳೆಯಿಂದ ತೆಗೆದದ್ದು. ಕೆನಡಾದ ಹನಿ, ನಮ್ಮೂರು ಹೊರ್ತಿಯ ಹನಿ ಒಂದೇ ಏನು? ನನ್ನ ಪ್ರಶ್ನೆ ಇಷ್ಟೇ.

ಪ್ರಶ್ನೆ ಬರೆದದ್ದಾಯಿತು. ಆದರೆ ಅವರು ಕೇಳುವುದು, ಇದಕ್ಕೆ ನಿನ್ನ ಆರು ವರ್ಷ ಕೊಡುತ್ತೀಯಾ ಎಂದು. ಹೂಂ ಎಂದು ಬರೆದಿದ್ದೇನೆ. ನನಗೆ 21. ಆರು ವರ್ಷದ ಹಿಂದೆ ನಾನು ವಿಮಾನಕ್ಕೆ ಕೈ ಬೀಸುತ್ತಿದ್ದೆ.

19 ನವೆಂಬರ್

ಅರ್ಜಿಗೆ ಎರಡು ಶಿಫಾರಸು ಪತ್ರ ಬೇಕು. ಪ್ರಾಜೆಕ್ಟ್ ಸರ್ ಬರೆಯುತ್ತಾರೆ. ಇನ್ನೊಬ್ಬರು, ನೀನೇ ಬರಕೊಂಡು ಬಾ, ಸಹಿ ಮಾಡ್ತೀನಿ ಎಂದರು. ಮೂರು ವರ್ಷ ಅವರ ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತಿದ್ದೇನೆ. ಹೆಸರು ಕೇಳಿದರು.

ರಾತ್ರಿ ನನ್ನ ಬಗ್ಗೆ ನಾನೇ ಬರೆಯಲು ಕೂತೆ. "ಈ ವಿದ್ಯಾರ್ಥಿನಿ ಪ್ರಾಮಾಣಿಕಳು" ಎಂದು ಬರೆದು ಕೈ ನಿಂತಿತು. ಅವರ ಮಾತಿನಂತೆ ಕಾಣಲೆಂದು ನಾನು ಬರೆಯುವ ಪತ್ರದಲ್ಲಿ ಈ ಶಬ್ದ ಹೇಗೆ ಇಡಲಿ. ಬೆಳಗ್ಗೆ ಅವರಿಗೆ ಹೇಳಿದೆ, ಸರ್ ನಾನು ಬರೆಯಲ್ಲ, ನೀವೇ ಎರಡು ಸಾಲು ಬರೀರಿ. ನೋಡೋಣ ಎಂದರು. ಗಡುವಿಗೆ ಹನ್ನೆರಡು ದಿನ.

26 ನವೆಂಬರ್

ಇಂಡಿಗೆ ಹೋದೆವು, ಅಪ್ಪನೂ ನಾನೂ. ಇಡಬ್ಲ್ಯೂಎಸ್ ಪ್ರಮಾಣಪತ್ರ. ನಾವು ರಾಜ್ಯದಲ್ಲಿ 3ಬಿ, ಕೇಂದ್ರದ ಲೆಕ್ಕದಲ್ಲಿ ಜನರಲ್. ಇಡಬ್ಲ್ಯೂಎಸ್ ಇದ್ದರೆ 75ರ ಬದಲು 70 ಸಾಕು. 8 ಲಕ್ಷದೊಳಗಿನ ಆದಾಯ, 5 ಎಕರೆಯೊಳಗಿನ ಹೊಲ. ನಮ್ಮದು 4 ಎಕರೆ 20 ಗುಂಟೆ.

ಪಹಣಿ ಹಿಡಿದುಕೊಂಡು ನಿಂತಿದ್ದಾಗ ಅಪ್ಪ ಮೆಲ್ಲಗೆ ಹೇಳಿದ. ಕಾಕಾನಿಗೆ ಪಾಲು ಕೊಡುವ ಮೊದಲು ನಮ್ಮದು 9 ಎಕರೆ ಇತ್ತು. ಪಾಲಾದ ದಿನ ಆಯಿ ಉಂಡಿರಲಿಲ್ಲ. ಇವತ್ತು ಅದೇ ಕೆಲಸಕ್ಕೆ ಬಂತು ನೋಡು ಎಂದ. ಅವನ ದನಿಯಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಬರುವಾಗ ನಿಂಬೆ ಮಾರ್ಕೆಟಿನಲ್ಲಿ ದರ ಕೇಳಿದ. ಮಾತಾಡಲಿಲ್ಲ.

1 ಡಿಸೆಂಬರ್. ರಾತ್ರಿ 11.40

ಎರಡನೇ ಪತ್ರ ಬಂತು. ಕೊನೆಯ ಇಪ್ಪತ್ತು ನಿಮಿಷ ಇರುವಾಗ. ಏನು ಬರೆದಿದ್ದಾರೋ ನಮಗೆ ಕಾಣುವುದಿಲ್ಲ. ಅವರೇ ಬರೆದರು. ಸಾಕು.

9 ಡಿಸೆಂಬರ್, ಸೋಮವಾರ

ನಿನ್ನೆ ಟಿಐಎಫ್‌ಆರ್ ಪ್ರವೇಶ ಪರೀಕ್ಷೆ. ಕೆಟ್ಟದಾಗಿ ಆಯಿತು. ಕ್ವಾಂಟಮ್‌ನ ಮೂರು ಲೆಕ್ಕ ಓದಿ ಅರ್ಥ ಮಾಡಿಕೊಳ್ಳುವುದರಲ್ಲೇ ಹೊತ್ತು ಹೋಯಿತು. ಪಕ್ಕದ ಹುಡುಗ ಪುಟ ತಿರುಗಿಸುವ ಸಪ್ಪಳ ಇನ್ನೂ ಕಿವಿಯಲ್ಲಿದೆ.

ನಾನು ಫಿಜಿಕ್ಸ್ ಓದಿದ್ದೇನೆಯೇ, ಫಿಜಿಕ್ಸಿನ ನೋಟ್ಸ್ ಓದಿದ್ದೇನೆಯೇ. ಎಂ.ಎಸ್ಸಿ. ಮಾಡಿ ಹೋಗು, ಮನಿ ಕಟ್ಟೂಕಿಂತ ಮೊದಲ ಬುನಾದಿ ಹಾಕಬೇಕು ಎಂದು ಪ್ರಾಜೆಕ್ಟ್ ಸರ್ ಹೇಳಿದ್ದರು. ಆಗ ಸಿಟ್ಟು ಬಂದಿತ್ತು. ನಿನ್ನೆ ಆ ಬೆಂಚಿನ ಮೇಲೆ ಅದೇ ಮಾತು ನೆನಪಾಯಿತು.

30 ಡಿಸೆಂಬರ್, ಸೋಮವಾರ. ಎಳ್ಳಮಾವಾಸ್ಯೆ

ಹೊಲಕ್ಕೆ ಹೋಗಿದ್ದೆವು. ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆ, ಖಿಚಡಿ. ಬನ್ನಿ ಗಿಡದ ಬುಡಕ್ಕೆ ಪಾಂಡವರನ್ನಿಟ್ಟು ಪೂಜೆ. ಅಪ್ಪ ಹೊಲದ ಸುತ್ತ ಚರಗ ಚೆಲ್ಲಿದ, ನಾನು ಹಿಂದಿಂದೆ ನೀರು ಹಾಕುತ್ತ ಹೋದೆ. ಬಿಳಿಜೋಳ ಎದೆಯುದ್ದ ನಿಂತಿದೆ. ಕಾರಹುಣ್ಣಿಮೆಯ ಬಿಳಿ ಎತ್ತಿನ ಮಾತು ಖರೆ ಆಯಿತು ಎಂದು ಅಪ್ಪನಿಗೆ ಹಿಗ್ಗು.

ಪುಸ್ತಕ ತಂದಿರಲಿಲ್ಲ. ಇಡೀ ದಿನ ಜ್ಯಾಮ್ ನೆನಪಾಗಲಿಲ್ಲ. ಮನೆಗೆ ಬಂದಮೇಲೆ ಆ ಸುಖಕ್ಕೇ ಹೆದರಿದೆ. ಬೇರೆ ಊರಲ್ಲಿ ಆರು ವರ್ಷ ಅಂದರೆ ಆರು ಎಳ್ಳಮಾವಾಸ್ಯೆ.

12 ಜನವರಿ 2025

ಚಡಚಣದ ಕಡೆಯವರು ನೋಡಲು ಬರುತ್ತಾರಂತೆ. ಹುಡುಗ ಬ್ಯಾಂಕಿನಲ್ಲಿ. ಅವ್ವ ಟ್ರಂಕಿನಿಂದ ಬೆಂಡೋಲಿ ತೆಗೆದು ತೋರಿಸಿದಳು. ನಿನಗಂತನ ಮಾಡಿಸಿದ್ದು.

ಅನ್ನಾ ಮಣಿಗೆ ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರಂತೆ. ಬೇಡ, ಬ್ರಿಟಾನಿಕಾ ವಿಶ್ವಕೋಶ ಕೊಡಿಸಿ ಎಂದಳಂತೆ. ಓದಿದಾಗ ಎಷ್ಟು ಚೆನ್ನಾಗಿತ್ತು ಈ ಕಥೆ. ಅವ್ವನ ಅಂಗೈ ಮೇಲೆ ಬೆಂಡೋಲಿ ನೋಡುವಾಗ ಬೇಡ ಎನ್ನಲು ನಾಲಿಗೆ ಬರಲಿಲ್ಲ. ಎಷ್ಟು ವರ್ಷ ರೊಕ್ಕ ಕೂಡಿಸಿದ್ದಾಳೋ.

ಹಾಕಿಕೊಂಡು ತೋರಿಸಿದೆ. ಪರೀಕ್ಷೆ ಮುಗಿಯುವತನ ಬರೂದು ಬ್ಯಾಡ ಅಂತ ಹೇಳವ್ವ ಎಂದೆ. ಹೇಳ್ತೀನಿ ಎಂದಳು.

2 ಫೆಬ್ರವರಿ, ಭಾನುವಾರ. ಹುಬ್ಬಳ್ಳಿ

ಮಧ್ಯಾಹ್ನದ ಪಾಳಿ. ಮೂರು ತಾಸು, 60 ಪ್ರಶ್ನೆ. 41 ಬರೆದೆ. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ಬೆಂಗಳೂರಿನಿಂದ ಬಂದ ಇನ್ನೊಬ್ಬ ಹುಡುಗಿಯ ತಂದೆಯ ಜೊತೆ ತೊಗರಿ ದರ ಮಾತಾಡುತ್ತಿದ್ದ. ಹ್ಯಾಂಗಾತು ಎಂದು ಕೇಳಲೇ ಇಲ್ಲ. ಊಟ ಮಾಡೂಣ ನಡಿ ಎಂದ.

ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್. ಅಪ್ಪ ಕೂತಲ್ಲೇ ನಿದ್ದೆ ಹೋಗಿದ್ದಾನೆ. ಅವನ ಚಪ್ಪಲಿಯ ಅಂಗುಷ್ಠ ಕಿತ್ತಿದೆ, ಪಿನ್ ಹಾಕಿಕೊಂಡಿದ್ದಾನೆ.

6 ಮಾರ್ಚ್

ಬೆಂಗಳೂರಿನಲ್ಲಿ ಆನರ್ಸ್ ಓದುತ್ತಿರುವ ನನ್ನ ಪಿಯು ಗೆಳತಿ ಅಮೆರಿಕಕ್ಕೆ ಹಾಕಿದ್ದಳು. ಅಲ್ಲಿ ಡಿಗ್ರಿಯಿಂದ ನೇರ ಪಿಎಚ್.ಡಿ.ಗೆ ಹೋಗುವುದು ಹೊಸದೇನಲ್ಲ. ಈಗ ಅಲ್ಲಿಯ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕುತ್ತಿದೆ, ಎಷ್ಟೋ ವಿಭಾಗಗಳು ಸೀಟು ಕಡಿಮೆ ಮಾಡಿವೆ. ಅವಳಿಗೆ ಆರರಲ್ಲಿ ಐದು ಇಲ್ಲ, ಒಂದು ಮೌನ. ಫೋನಿನಲ್ಲಿ ಅತ್ತಳು. ಅರ್ಜಿಗೆ ಅವಳ ಮನೆಯವರು ಖರ್ಚು ಮಾಡಿದ್ದು ನಮ್ಮ ಒಂದು ವರ್ಷದ ನಿಂಬೆಯ ದುಡ್ಡು. ಸಮಾಧಾನ ಹೇಳಿದೆ. ಎಲ್ಲೋ ಒಳಗೆ, ನಾನೊಬ್ಬಳೇ ಅಲ್ಲ ಎಂದು ಹಗುರಾಯಿತು. ಅದಕ್ಕೆ ನಾಚಿಕೆಯಾಗಿದೆ.

ಮಾರ್ಚ್ ಮೂರನೇ ವಾರ

ಜ್ಯಾಮ್ ಫಲಿತಾಂಶ. ಪಾಸು. ಆದರೆ ದೊಡ್ಡ ಸಂಸ್ಥೆಗಳಿಗೆ ಈ ರ‍್ಯಾಂಕ್ ಸಾಲದು. ಇಂಟಿಗ್ರೇಟೆಡ್ ಬಾಗಿಲು ಹೆಚ್ಚೂ ಕಡಿಮೆ ಮುಚ್ಚಿತು.

ಅನ್ನ ಸೇರಲಿಲ್ಲ.

30 ಮಾರ್ಚ್, ಯುಗಾದಿ

ಏಳನೇ ಸೆಮ್ 8.1. ಒಟ್ಟು ಈಗ 7.41. ಝಳಕಿ ಅಕ್ಕ ಬೇವುಬೆಲ್ಲ ತಂದಿದ್ದಳು. ಅವಳಿಗೆ ನೆಟ್ ಆಗಿದೆ, ಜೆಆರ್‌ಎಫ್ ತಪ್ಪಿದೆ. ಆಗಿದ್ದರೆ ತಿಂಗಳಿಗೆ 37,000. ಗೈಡ್ ಹುಡುಕುತ್ತಿದ್ದಾಳೆ. "ನೀ ಎಂ.ಎಸ್ಸಿ. ಮಾಡು, ನನ್ನ ಮಾತ ಕೇಳು" ಎಂದಳು. ಎರಡು ನಿಮಿಷ ಬಿಟ್ಟು, "ಬ್ಯಾಡ, ಹಾಕು" ಎಂದಳು.

25 ಏಪ್ರಿಲ್

ಮೇಲ್ ಬಂದಿದೆ!! ಬೆಂಗಳೂರಿನ ಒಂದು ಸಂಸ್ಥೆ. ನೇರ ಪಿಎಚ್.ಡಿ.ಗೆ ಸಂದರ್ಶನ, ಮೇ 19. ನಾಲ್ಕು ವರ್ಷದ ಡಿಗ್ರಿಯ ಮೇಲೆ.

ಮೂರು ಸಲ ಓದಿದೆ. ಅವ್ವನಿಗೆ ಓದಿ ಹೇಳಿದೆ. ಹಿಟ್ಟಿನ ಬಗ್ಗೆ ಕೇಳ್ತಾರೇನ ಎಂದಳು.

19 ಮೇ, ಸೋಮವಾರ. ಬೆಂಗಳೂರು

ರಾತ್ರಿಯಿಡೀ ಸುರಿದಿದೆ. ರಸ್ತೆಗಳಲ್ಲಿ ಮೊಣಕಾಲುದ್ದ ನೀರು. ಸಂಬಂಧಿಕರ ಮನೆಯಿಂದ ಬೆಳಗ್ಗೆ ಆರಕ್ಕೇ ಹೊರಟೆ. ಸಲವಾರ್ ಅರ್ಧ ಒದ್ದೆ. ಅದರಲ್ಲೇ ಒಳಗೆ ಹೋದೆ.

ನಾಲ್ಕು ಜನ. ಮೊದಲು ಒಬ್ಬರು ಹನಿಯ ಅಂತಿಮ ವೇಗ ತೆಗೆಯಲು ಹೇಳಿದರು. ಸ್ಟೋಕ್ಸ್ ನಿಯಮ ಬರೆದೆ. ಎರಡು ಮಿಲಿಮೀಟರಿನ ಹನಿಗೆ ಹಾಕಿ ನೋಡು ಎಂದರು. ಹಾಕಿದೆ. ಸೆಕೆಂಡಿಗೆ ನೂರು ಮೀಟರ್ ದಾಟಿತು. ಬೋರ್ಡಿನ ಮುಂದೆ ನಿಂತು ನನ್ನ ಉತ್ತರವನ್ನೇ ನೋಡಿದೆ. ಇದು ಹೊಲದಲ್ಲಿ ಬಿದ್ದರೆ ಎಲೆ ಉಳಿಯುವುದಿಲ್ಲ ಎಂದೆ. ಬಾಯಿಗೆ ಕನ್ನಡವೇ ಬಂತು. ಒಬ್ಬರು ಅದನ್ನು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಒರೆಸಿದೆ. ಸ್ಟೋಕ್ಸ್ ಮೋಡದೊಳಗಿನ ಸಣ್ಣ ಕಣಕ್ಕೆ, ಮಳೆ ಹನಿಗಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ ಎಂದು ಬರೆದು ಮತ್ತೆ ಮಾಡಿದೆ. ಆರೂವರೆ ಮೀಟರ್ ಬಂತು.

ಆಮೇಲೆ ಪರಾತ. ನಲವತ್ಮೂರು ಪರಾತಗಳ ಪಟ್ಟಿ ತೋರಿಸಿದೆ. ಜರಡಿ ಯಾರು ಹಿಡಿದದ್ದು ಎಂದರು. ನಮ್ಮ ತಾಯಿ ಎಂದೆ. ಗುಂಡು ಮತ್ತು ಹನಿಯ ತೂಕದ ಅನುಪಾತ ದೊಡ್ಡ ಹನಿಗಳಿಗೆ ಎಷ್ಟು ನಂಬಬಹುದು ಎಂದು ವಯಸ್ಸಾದ ಮೇಡಮ್ ಒಬ್ಬರು ಕೇಳಿದರು. ಆ ಪ್ರಶ್ನೆ ಬರುತ್ತದೆ ಎಂದು ಅಕ್ಟೋಬರಿನಿಂದ ಹೆದರಿದ್ದೆ. ಗೊತ್ತಿಲ್ಲ ಎಂದೆ. ನಾನು ಆರು ಮೀಟರಿನಿಂದ ಬೀಳಿಸಿದ್ದೇನೆ, ಅದು ಸಾಲದು, ನಾಲ್ಕು ಮಿಲಿಮೀಟರಿನ ಮೇಲೆ ನನ್ನ ಅಂಕಿಯನ್ನು ನಾನೇ ನಂಬುವುದಿಲ್ಲ.

ಬರೆದುಕೊಂಡರು. ಏನು ಬರೆದುಕೊಂಡರೋ.

ಕೊನೆಗೆ: ಎಂ.ಎಸ್ಸಿ. ಮಾಡಿ ಬರಬಹುದಲ್ಲ, ಅವಸರ ಯಾಕೆ? ಕಲಿತು ಹೋಗಿದ್ದ ಉತ್ತರ ಇತ್ತು. ಅದನ್ನು ಹೇಳಲಿಲ್ಲ. ಈ ಬಾಗಿಲು ಎಷ್ಟು ದಿನ ತೆರೆದಿರುತ್ತದೋ ಗೊತ್ತಿಲ್ಲ ಮೇಡಮ್, ಅದಕ್ಕೆ ಎಂದೆ. ಅದು ನಿಜವಾದ ಕಾರಣವೇ? ಒಂದು ಕಾರಣ.

ಅದೇ ದಿನ, ಸಂಜೆ

ರೈಲಿಗೆ ಹೊತ್ತಿತ್ತು. ಸದಾಶಿವನಗರಕ್ಕೆ ಹೋಗಿ ರಾಮನ್ ಸಂಶೋಧನಾ ಸಂಸ್ಥೆಯ ಗೇಟಿನ ಮುಂದೆ ನಿಂತೆ. ಒಳಗೆ ಹೋಗಬೇಕೆಂದರೆ ಏನು ಹೇಳಬೇಕು? ಒಂದು ಥೀಸಿಸ್ ನೋಡಬೇಕು ಎಂದೇ? ಹೇಳಬಹುದಿತ್ತು. ಕಾವಲುಗಾರ ಎರಡು ಸಲ ನೋಡಿದ. ಮರಗಳಿಂದ ಇನ್ನೂ ಹನಿ ಉದುರುತ್ತಿದ್ದವು. ಹತ್ತು ನಿಮಿಷ ನಿಂತು ಬಂದೆ.

ಮುಂದಿನ ಸಲ ಕೇಳುತ್ತೇನೆ.

27 ಮೇ

ಮುಂಗಾರು ಈ ವರ್ಷ ಮೇ 24ಕ್ಕೇ ಕೇರಳಕ್ಕೆ ಬಂದಿದೆ, 2009ರ ನಂತರ ಇಷ್ಟು ಬೇಗ ಬಂದಿದ್ದಿಲ್ಲ. ಊರಲ್ಲೂ ದಿನಾ ಮೋಡ. ಬಿತ್ತಲೋ ಬೇಡವೋ ಎಂದು ಅಪ್ಪ ಆಕಾಶ ನೋಡುತ್ತಾನೆ. ರೋಹಿಣಿ ಮಳೆ ನಂಬಿ ಬಿತ್ತಿದರೆ ನಡುವೆ ಕೈ ಕೊಡುತ್ತದೆ ಎಂಬ ಹೆದರಿಕೆ. ಎಲ್ಲರೂ ಬಿತ್ತುತ್ತಿದ್ದಾರೆ. ಅವನು ಇನ್ನೂ ಕಾಯುತ್ತಿದ್ದಾನೆ.

ನಾನು ದಿನಕ್ಕೆ ಹದಿನೈದು ಸಲ ಮೇಲ್ ತೆಗೆಯುತ್ತೇನೆ.

5 ಜೂನ್, ಗುರುವಾರ

ಬಂತು. ವೇಟಿಂಗ್ ಲಿಸ್ಟ್. ನನ್ನ ಮುಂದೆ ಎಷ್ಟು ಜನ, ಬರೆದಿಲ್ಲ. ಜುಲೈ ಕೊನೆಯೊಳಗೆ ತಿಳಿಸುತ್ತಾರಂತೆ.

ಇಲ್ಲ ಎಂದಿದ್ದರೆ ಅತ್ತುಬಿಡಬಹುದಿತ್ತು. ಎಂ.ಎಸ್ಸಿ. ಅರ್ಜಿಯ ಗಡುವು ಅದಕ್ಕೂ ಮೊದಲು. ಹಾಕಲೇ? ಹಾಕಿದರೆ ಸೋತಂತೆ ಅಲ್ಲ ಎಂದು ಸರ್ ಹೇಳಿದರು. ಅವರ ಮಾತು ಸರಿ ಇರಬಹುದು. ಫಾರ್ಮ್ ಅರ್ಧ ತುಂಬಿ ಬಿಟ್ಟಿದ್ದೇನೆ. ಚಡಚಣದವರಿಂದ ಮತ್ತೆ ಫೋನ್ ಬಂದಿತ್ತು. ಅವ್ವ ಹೊರಗೆ ಹೋಗಿ ಮಾತಾಡಿದಳು, ಏನು ಹೇಳಿದಳೋ ಹೇಳಲಿಲ್ಲ.

8 ಜೂನ್, ಭಾನುವಾರ. ಮೃಗಶಿರ

ನೀರಿನ ಟಾಕಿ ಹತ್ತಲು ಪಂಚಾಯಿತಿಯವರು ಒಪ್ಪಿದ್ದಾರೆ. ಅಪ್ಪ ಹೋಗಿ ಕೇಳಿ ಬಂದ, ನನಗೆ ಹೇಳದೆ. ಬೆಳಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ, ಒಂದು ತಾಸು. ಅವನೇ ಮೇಲೆ ಹತ್ತಿ ಸೂಜಿ ಹಿಡಿಯುತ್ತಾನಂತೆ. ನಾನು ಕೆಳಗೆ.

ಇವತ್ತು ಬೆಳಗ್ಗೆಯೇ ಮಾಡಿದೆವು. ದನದ ಸೂಜಿ, ಹನಿ ಎಣಿಸಿ ಐವತ್ತು. ಮೂವತ್ತೊಂದು ಪರಾತದೊಳಗೆ ಬಿದ್ದವು. ಉಳಿದವು ಇದ್ದ ಅಷ್ಟಿಷ್ಟು ಗಾಳಿಗೇ ಆಚೆ ಹೋದವು. ಒಣಗಲು ಇಟ್ಟಿದೆ. ನಾಳೆ ತೂಗಬೇಕು.

ಈಗ ಪಡುವಣ ಕಡೆ ಕಪ್ಪಾಗಿದೆ. ಅವ್ವ ಇನ್ನೊಂದು ಪರಾತಕ್ಕೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ.